ಪದೇ ಪದೇ ನೆರೆ ಬಂದರೂ ಚೆಲ್ಮರ್ ಯಾಕೆ ಖಾಲಿಯಾಗಲಿಲ್ಲ?

ಪ್ರಶ್ನೆ: ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಚೆಲ್ಮರ್ ಅನ್ನೋ ಪುಟ್ಟ ಬಡಾವಣೆ ಇದೆ. 1974, 2011, 2022, ಮೂರು ಸಲವೂ ಅಲ್ಲಿ ಮನೆಗಳಿಗೆ ನೀರು ನುಗ್ಗಿತು. ಆದರೂ ಅಲ್ಲಿ ದುಬಾರಿ ಮನೆಗಳೇ ಜಾಸ್ತಿ. ನದಿಯ ವಿಷಯ ಜನಕ್ಕೆ ಮೊದಲೇ ಗೊತ್ತಿರಲಿಲ್ವಾ?

ಗೊತ್ತಿತ್ತು. ಅಲ್ಲಿನ ರೈಲ್ವೆ ಸೇತುವೆ ನೋಡಿದರೆ ಸಾಕು.

ಮೊದಲು ಜಾಗ ನೋಡೋಣ. ಬ್ರಿಸ್ಬೇನ್ ನದಿ ನೆಟ್ಟಗೆ ಹರಿಯುವುದೇ ಇಲ್ಲ, ಹಾವಿನ ಹಾಗೆ ಹೊರಳುತ್ತಾ ಹೋಗುತ್ತದೆ. ಅಂಥದೊಂದು ತಿರುವಿನ ಒಳಮಗ್ಗುಲಲ್ಲಿ ಚೆಲ್ಮರ್ ಇದೆ. ಪಶ್ಚಿಮ, ಉತ್ತರ, ಪೂರ್ವ ಮೂರೂ ಕಡೆ ನೀರು. ದಕ್ಷಿಣದಲ್ಲಿ ಮಾತ್ರ ನೆಲ, ಅಲ್ಲಿ ಗ್ರೇಸ್‌ವಿಲ್ ಬಡಾವಣೆ. ನದಿ ತಿರುಗುವಾಗ ಹೊರದಂಡೆಯನ್ನು ಕೊರೆಯುತ್ತದೆ, ಒಳದಂಡೆಗೆ ಮಣ್ಣು ತಂದು ಹಾಕುತ್ತದೆ. ಹಾಗಾಗಿ ಒಳಮಗ್ಗುಲು ಸಾಮಾನ್ಯವಾಗಿ ತಗ್ಗು. ಬೆಳೆಗೆ ಒಳ್ಳೆಯದು, ಮನೆಗೆ ಅಷ್ಟಕ್ಕಷ್ಟೇ.

ಇಲ್ಲಿಗೆ ಜನರನ್ನು ಕರೆತಂದಿದ್ದು ರೈಲು. 1875ರಲ್ಲಿ ಪಶ್ಚಿಮದ ಇಪ್ಸ್‌ವಿಚ್ ಪಟ್ಟಣದ ಕಡೆಯಿಂದ ಬಂದ ಹಳಿ ಇದೇ ದಡದಲ್ಲಿ ಮುಗಿಯುತ್ತಿತ್ತು. ಆಗ ಈ ಜಾಗಕ್ಕೆ ಆಕ್ಸ್ಲಿ ಪಾಯಿಂಟ್ ಅಂತ ಹೆಸರು. ಪ್ರಯಾಣಿಕರು ಇಳಿದು, ದೋಣಿಯಲ್ಲಿ ಆಚೆ ದಡದ ಇಂಡುರುಪಿಲ್ಲಿಗೆ ದಾಟಿ, ಮತ್ತೆ ರೈಲು ಹತ್ತಬೇಕಿತ್ತು. 1876ರಲ್ಲಿ ಆಲ್ಬರ್ಟ್ ಸೇತುವೆ ಬಂತು, ಆ ರಗಳೆ ತಪ್ಪಿತು. ನಗರದ ನಡುಭಾಗ ಹತ್ತು ಕಿಲೋಮೀಟರ್ ಕೂಡ ಇಲ್ಲ. ದೊಡ್ಡ ಸೈಟು, ನದಿಯ ನೋಟ, ಪೇಟೆಗೆ ರೈಲು. ಯಾರಿಗೆ ಬೇಡ ಹೇಳಿ?

1893ರ ಫೆಬ್ರವರಿಯಲ್ಲಿ ಒಂದೇ ತಿಂಗಳೊಳಗೆ ಮೂರು ಸಲ ನೆರೆ. ನಗರದ ನಡುಭಾಗದಲ್ಲಿ ನದಿಯ ಮಟ್ಟ ಅಳೆಯುವ ಮಾಪಕದಲ್ಲಿ ನೀರು 8.35 ಮೀಟರ್ ಮುಟ್ಟಿತು. ಆಲ್ಬರ್ಟ್ ಸೇತುವೆ ಕೊಚ್ಚಿಹೋಯಿತು. 1895ರಲ್ಲಿ ಹೊಸದು ಕಟ್ಟಿದಾಗ ಎಂಜಿನಿಯರ್‌ಗಳು ನದಿ ಮಧ್ಯೆ ಕಂಬಗಳ ಸಾಲು ನಿಲ್ಲಿಸಲಿಲ್ಲ. ಸುಮಾರು 104 ಮೀಟರ್ ಉದ್ದದ ಎರಡೇ ಭಾಗಗಳಲ್ಲಿ ನದಿ ದಾಟಿಸಿದರು, ನೆರೆಯಲ್ಲಿ ತೇಲಿಬರುವ ಮರಮಟ್ಟು ಸಿಕ್ಕಿಕೊಳ್ಳದಿರಲಿ ಅಂತ. ಆ ಸೇತುವೆ ಮೇಲೆ ಇವತ್ತಿಗೂ ರೈಲು ಓಡುತ್ತಿದೆ.

ಸೇತುವೆ ಕಲಿತ ಪಾಠವನ್ನು ಬಡಾವಣೆ ಕಲಿಯಲಿಲ್ಲ. ಯಾಕೆಂದರೆ ಆಮೇಲಿನ ಅತಿ ದೊಡ್ಡ ನೆರೆ ಬಂದಿದ್ದು 1974ರಲ್ಲಿ. ನಡುವೆ 81 ವರ್ಷ! ಕಂಡವರು ಹೋದರು, ಕೇಳಿದವರು ಮರೆತರು, ಸೈಟುಗಳು ಮಾರಾಟವಾದವು. 1936ರಲ್ಲಿ ಪಕ್ಕದಲ್ಲೇ ವಾಹನಗಳಿಗೂ ತೂಗುಸೇತುವೆ ಬಂತು. ಕಟ್ಟಿಸಿದವರು ವಾಲ್ಟರ್ ಟೇಲರ್, ಈಗ ಅದಕ್ಕೆ ಅವರದೇ ಹೆಸರು. ಸಿಡ್ನಿ ಹಾರ್ಬರ್ ಸೇತುವೆ ಕಟ್ಟುವಾಗ ಬಳಸಿದ್ದ ಕೇಬಲ್‌ಗಳನ್ನೇ ತಂದು ಇಲ್ಲಿ ಹಾಕಿದರು. ಅದರ ಗೋಪುರಗಳ ಒಳಗೆ ಮನೆಗಳಿವೆ, ಟೋಲ್ ವಸೂಲಿ ಮಾಡುವವರ ಸಂಸಾರ ಅಲ್ಲೇ ಇತ್ತು. ಇಡೀ ಊರಲ್ಲಿ ನೆರೆಗೆ ಹೆದರಬೇಕಿಲ್ಲದ ಮನೆ ಅಂದರೆ ಅದೇ ಇರಬೇಕು!

1974ರಲ್ಲಿ ನೀರು 5.45 ಮೀಟರ್. ಆಮೇಲೆ 1980ರ ದಶಕದಲ್ಲಿ ನದಿಯ ಮೇಲ್ಹರಿವಿನಲ್ಲಿ ವೈವನ್‌ಹೋ ಅಣೆಕಟ್ಟು ಕಟ್ಟಿ ಮುಗಿಯಿತು. ಇನ್ನು ನೆರೆಯ ಕಾಟ ಮುಗಿಯಿತು ಅಂತ ತುಂಬಾ ಜನ ನಂಬಿದರು. ನನ್ನ ಪ್ರಕಾರ ಜಾಸ್ತಿ ಮೋಸ ಮಾಡಿದ್ದು ಮರೆವಲ್ಲ, ಈ ನಂಬಿಕೆ. ಅಣೆಕಟ್ಟು ತಡೆಯೋದು ನದಿಗೆ ನೀರು ಹರಿದುಬರುವ ಪ್ರದೇಶದ ಸುಮಾರು ಅರ್ಧದಷ್ಟನ್ನು ಮಾತ್ರ. ಲಾಕ್ಯರ್ ಹಳ್ಳ, ಬ್ರೆಮರ್ ನದಿ ಎರಡೂ ಅದರ ಕೆಳಗೆ ಬಂದು ಸೇರುತ್ತವೆ. 2011ರಲ್ಲಿ 4.46 ಮೀಟರ್, 2022ರಲ್ಲಿ 3.85. ಇವೆಲ್ಲ ನಗರದ ಮಾಪಕದ ಲೆಕ್ಕ. ಚೆಲ್ಮರ್ ಅದಕ್ಕಿಂತ ನದಿಯ ಮೇಲ್ಹರಿವಿನಲ್ಲಿ ಇರೋದರಿಂದ ಅಲ್ಲಿ ನೀರಿನ ಮಟ್ಟ ಇನ್ನೂ ಎತ್ತರ.

ಅಲ್ಲಿನ ಹಳೇ ಕ್ವೀನ್ಸ್‌ಲ್ಯಾಂಡರ್ ಮನೆಗಳು (ಕ್ವೀನ್ಸ್‌ಲ್ಯಾಂಡ್ ರಾಜ್ಯದ ಸಾಂಪ್ರದಾಯಿಕ ಶೈಲಿಯವು) ಮರದವು, ಕಂಬಗಳ ಮೇಲೆ ನಿಂತವು. ಸುಮ್ನೆ ಚಂದಕ್ಕಲ್ಲ, ಕೆಳಗೆ ಗಾಳಿ ಆಡುತ್ತದೆ, ಗೆದ್ದಲು ಸುಲಭವಾಗಿ ಹತ್ತುವುದಿಲ್ಲ, ಸಣ್ಣ ನೆರೆ ಅಡಿಯಲ್ಲೇ ಹರಿದುಹೋಗುತ್ತದೆ. ಆಮೇಲೆ ಕೆಳಗಿನ ಜಾಗಕ್ಕೂ ಗೋಡೆ ಎಬ್ಬಿಸಿ ರೂಮು ಮಾಡಿಕೊಂಡವರಿಗೆ ಈ ಕೊನೆಯ ಲಾಭ ಕೈತಪ್ಪಿತು.

2022ರ ನಂತರ ತೀರಾ ತಗ್ಗಿನ ಕೆಲವು ಮನೆಗಳನ್ನು ಸರ್ಕಾರವೇ ಕೊಂಡು ಕೆಡವುವ ಯೋಜನೆ ಬ್ರಿಸ್ಬೇನ್‌ನಲ್ಲೂ ಬಂತು. ಹಾಗಂತ ಇಡೀ ಚೆಲ್ಮರ್ ಮುಳುಗುತ್ತೆ ಅಂದುಕೊಳ್ಳಬೇಡಿ. ಎತ್ತರದ ಬೀದಿಗಳೂ ಇವೆ. ಇನ್ನು, ನದಿಗೆ ಆತುಕೊಂಡಿರದ ಮನೆಗೂ ನೀರು ಬರಬಹುದು, ನದಿ ಉಕ್ಕಿದಾಗ ಮಳೆನೀರಿನ ಕೊಳವೆಯಲ್ಲಿ ನೀರು ಹಿಮ್ಮುಖವಾಗಿ ನುಗ್ಗುತ್ತದೆ. ಅದಕ್ಕೇ ಅಲ್ಲಿ ಮನೆ ಕೊಳ್ಳೋರು ನೆರೆಯ ಅಪಾಯ ಎಷ್ಟು ಅಂತ ಹೇಳುವ ನಗರಪಾಲಿಕೆಯ ಫ್ಲಡ್‌ವೈಸ್ ವರದಿ ತೆಗೆದು ನೋಡುತ್ತಾರೆ. ಇಡೀ ಬೀದಿಯದಲ್ಲ, ಒಂದೊಂದು ಸೈಟಿನ ಲೆಕ್ಕವೇ ಅದರಲ್ಲಿ ಸಿಗುತ್ತದೆ, ಅದೂ ಉಚಿತವಾಗಿ.