ಮಾಸ್ಟರ್‌ನಲ್ಲಿ ಇಟ್ಟ ವೇರಿಯಬಲ್ ವರ್ಕರ್‌ಗೆ ಯಾಕೆ ಕಾಣುವುದಿಲ್ಲ?

ಪ್ರಶ್ನೆ: ಸರ್, ಹಲವು ಸರ್ವರ್‌ಗಳ (ಹೋಸ್ಟ್‌ಗಳ) ಕೆಲಸ ಒಟ್ಟಿಗೆ ಮಾಡಿಸುವ ಆನ್ಸಿಬಲ್‌ನಲ್ಲಿ ಪ್ಲೇಬುಕ್ (ಕೆಲಸಗಳ ಪಟ್ಟಿ) ಬರೆದಿದ್ದೇನೆ. ಅದರ ಮೊದಲ ಪ್ಲೇನಲ್ಲಿ (ಭಾಗದಲ್ಲಿ) ಕುಬರ್ನೆಟಿಸ್ ಕ್ಲಸ್ಟರ್‌ನ ಮಾಸ್ಟರ್ ಮೇಲೆ, ವರ್ಕರ್‌ಗಳು ಕ್ಲಸ್ಟರ್‌ಗೆ ಸೇರಲು ಬೇಕಾದ ಜಾಯಿನ್ ಕಮಾಂಡ್ ತೆಗೆದು ರಿಜಿಸ್ಟರ್ ಮಾಡಿದ್ದೇನೆ, ಅಂದರೆ ವೇರಿಯಬಲ್‌ನಲ್ಲಿ ಇಟ್ಟಿದ್ದೇನೆ. ಎರಡನೇ ಪ್ಲೇನಲ್ಲಿ ವರ್ಕರ್‌ಗಳ ಮೇಲೆ ಅದನ್ನು ಬಳಸಿದರೆ ಅನ್‌ಡಿಫೈನ್ಡ್ ಎಂದು ನಿಂತುಬಿಡುತ್ತದೆ. ವೇರಿಯಬಲ್‌ಗೆ ವ್ಯಾಲ್ಯೂ ಕೊಡುವ ಸೆಟ್-ಫ್ಯಾಕ್ಟ್ ಹಾಕಿ ಗ್ಲೋಬಲ್ (ಎಲ್ಲ ಹೋಸ್ಟ್‌ಗೂ ಕಾಣುವಂತೆ) ಮಾಡಿದರೂ ಅದೇ ಕಥೆ. ಎಲ್ಲಿ ತಪ್ಪಾಗಿದೆ?

ಉತ್ತರ: ವ್ಯಾಲ್ಯೂ ಎಲ್ಲೂ ಹೋಗಿಲ್ಲ, ಮಾಸ್ಟರ್ ಹತ್ತಿರವೇ ಇದೆ. ನೀವು ಅದನ್ನು ವರ್ಕರ್ ಹತ್ತಿರ ಕೇಳುತ್ತಿದ್ದೀರಿ. ಎರಡನೇ ಪ್ಲೇನಲ್ಲಿ, ಬೇರೆ ಹೋಸ್ಟ್‌ನ ವೇರಿಯಬಲ್ ಓದಲು ಇರುವ ಹೋಸ್ಟ್‌ವಾರ್ಸ್ ಬಳಸಿ. ಅದರೊಳಗೆ ಮಾಸ್ಟರ್‌ಗೆ ಇನ್ವೆಂಟರಿಯಲ್ಲಿ (ಹೋಸ್ಟ್‌ಗಳ ಪಟ್ಟಿಯಲ್ಲಿ) ಕೊಟ್ಟ ಹೆಸರು, ಆಮೇಲೆ ನಿಮ್ಮ ವೇರಿಯಬಲ್ ಹೆಸರು, ಕೊನೆಗೆ ಎಸ್‌ಟಿಡಿಔಟ್ (ಕಮಾಂಡ್‌ನ ಔಟ್‌ಪುಟ್). ಕೆಲಸ ಆಗುತ್ತದೆ.

ಆದರೆ "ಸೆಟ್-ಫ್ಯಾಕ್ಟ್ ಹಾಕಿ ಗ್ಲೋಬಲ್ ಮಾಡಿದೆ" ಅಂದಿರಲ್ಲ, ಆ ಮಾತನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಇದನ್ನು ಎಷ್ಟು ಸಲ ಬಿಡಿಸಿ ಹೇಳಿದ್ದೇನೋ ಲೆಕ್ಕವಿಲ್ಲ. ಸೆಟ್-ಫ್ಯಾಕ್ಟ್ ಯಾವುದನ್ನೂ ಗ್ಲೋಬಲ್ ಮಾಡುವುದಿಲ್ಲ. ಟಾಸ್ಕ್ ಯಾವ ಹೋಸ್ಟ್‌ಗೆ ಓಡುತ್ತಿದೆಯೋ ಆ ಹೋಸ್ಟ್‌ನ ಹೆಸರಿಗೆ ವ್ಯಾಲ್ಯೂ ಬರೆದಿಡುತ್ತದೆ. ರಿಜಿಸ್ಟರ್ ಮಾಡುವುದೂ ಅದನ್ನೇ.

ಮನೆಯ ಗೋಡೆಯ ಕ್ಯಾಲೆಂಡರ್ ಮೇಲೆ ಹಾಲಿನ ಲೆಕ್ಕ ಬರೆಯುತ್ತೇವಲ್ಲ, ಹಾಗೆ ಅಂದುಕೊಳ್ಳಿ. ಇವತ್ತು ಬರೆದದ್ದು ನಾಳೆಯೂ ಇರುತ್ತದೆ, ಆದರೆ ಪಕ್ಕದ ಮನೆಯವರಿಗೆ ಕಾಣುವುದಿಲ್ಲ. ಅವರಿಗೆ ಬೇಕಿದ್ದರೆ ನಿಮ್ಮ ಮನೆಗೇ ಬಂದು ನೋಡಬೇಕು. ಹಾಗೆ ಬಂದು ನೋಡುವ ದಾರಿಯೇ ಹೋಸ್ಟ್‌ವಾರ್ಸ್. ಪ್ಲೇನ ವಾರ್ಸ್ (ವೇರಿಯಬಲ್‌ಗಳ ವಿಭಾಗ) ಕೆಳಗೆ ಬರೆದದ್ದು ಮಾತ್ರ ಸ್ಲೇಟಿನ ಬರಹ, ಆ ಪ್ಲೇ ಮುಗಿದ ಕೂಡಲೇ ಅಳಿಸಿಹೋಗುತ್ತದೆ.

ಈ ತಪ್ಪು ತಿಳುವಳಿಕೆ ಯಾಕೆ ಇಷ್ಟು ಗಟ್ಟಿಯಾಗಿದೆ ಎಂದರೆ, ಸೆಟ್-ಫ್ಯಾಕ್ಟ್ ಮಾಡಿದ ವ್ಯಾಲ್ಯೂ ಮುಂದಿನ ಪ್ಲೇನಲ್ಲೂ ಉಳಿಯುತ್ತದೆ, ಅದು ನಿಜ, ಹಾಗಾಗಿ "ಎಲ್ಲಾ ಕಾಲಕ್ಕೂ ಇದೆ" ಎನ್ನುವುದನ್ನು ಜನ "ಎಲ್ಲಾ ಕಡೆಯೂ ಇದೆ" ಎಂದು ಓದಿಕೊಳ್ಳುತ್ತಾರೆ. ಜೊತೆಗೆ ಹೆಚ್ಚಿನವರು ಲೋಕಲ್‌ಹೋಸ್ಟ್ (ತಮ್ಮದೇ ಯಂತ್ರ) ಒಂದರಲ್ಲೇ ಟೆಸ್ಟ್ ಮಾಡುತ್ತಾರೆ. ಊರಲ್ಲಿ ಇರುವುದೇ ಒಂದು ಮನೆ ಆದರೆ ಯಾರ ಕ್ಯಾಲೆಂಡರ್ ಎಂಬ ಪ್ರಶ್ನೆಯೇ ಬರುವುದಿಲ್ಲ ಅಲ್ವಾ? ಇನ್ನು ಕೆಲವರ ಪ್ಲೇನಲ್ಲಿ ಹೋಸ್ಟ್ಸ್ ಎಂಬಲ್ಲಿ ಆಲ್ ಇರುತ್ತದೆ. ಆಗ ಟಾಸ್ಕ್ ಪ್ರತಿ ಹೋಸ್ಟ್‌ಗೂ ಓಡಿ ಪ್ರತಿಯೊಂದಕ್ಕೂ ಬೇರೆ ಬೇರೆ ಪ್ರತಿ ಸಿಗುತ್ತದೆ, ನೋಡುವವರಿಗೆ ಒಂದೇ ಗ್ಲೋಬಲ್ ವೇರಿಯಬಲ್ ಥರ ಕಾಣುತ್ತದೆ.

ನನ್ನ ಮಾತು ನಂಬಬೇಡಿ, ಮಾಡಿ ನೋಡಿ. ಎರಡು ಹೋಸ್ಟ್ ತೆಗೆದುಕೊಳ್ಳಿ. ಮೊದಲ ಪ್ಲೇನಲ್ಲಿ ಒಂದರ ಮೇಲೆ ಮಾತ್ರ ಸೆಟ್-ಫ್ಯಾಕ್ಟ್ ಮಾಡಿ. ಎರಡನೇ ಪ್ಲೇನಲ್ಲಿ ಎರಡರ ಮೇಲೂ ವ್ಯಾಲ್ಯೂ ತೋರಿಸುವ ಡಿಬಗ್ ಓಡಿಸಿ. ಒಂದು ವ್ಯಾಲ್ಯೂ ತೋರಿಸುತ್ತದೆ, ಇನ್ನೊಂದು "ವೇರಿಯಬಲ್ ಈಸ್ ನಾಟ್ ಡಿಫೈನ್ಡ್" ಎನ್ನುತ್ತದೆ. ಐದು ನಿಮಿಷದ ಕೆಲಸ. ಮತ್ತೆ ದಯವಿಟ್ಟು, ಆ ಎರರ್ ಮುಚ್ಚಲು, ವ್ಯಾಲ್ಯೂ ಇಲ್ಲದಾಗ ಬದಲಿ ಕೊಡುವ ಡಿಫಾಲ್ಟ್ ಫಿಲ್ಟರ್ ಹಾಕಿ ಖಾಲಿ ಸ್ಟ್ರಿಂಗ್ ಕೊಡಬೇಡಿ. ಎರರ್ ಹೋಗುತ್ತದೆ, ವರ್ಕರ್‌ಗೆ ಜಾಯಿನ್ ಕಮಾಂಡ್ ಮಾತ್ರ ಸಿಗುವುದಿಲ್ಲ.

ಹೋಸ್ಟ್‌ವಾರ್ಸ್‌ಗೂ ಒಂದು ಮಿತಿ ಇದೆ. ನಾಳೆ ಹೊಸ ವರ್ಕರ್ ಒಂದನ್ನು ಸೇರಿಸಲು ಲಿಮಿಟ್ ಕೊಟ್ಟು ಅದೊಂದಕ್ಕೇ ಪ್ಲೇಬುಕ್ ಓಡಿಸಿದರೆ ಮಾಸ್ಟರ್‌ನ ಪ್ಲೇ ನಡೆಯುವುದೇ ಇಲ್ಲ, ಮತ್ತೆ ಅನ್‌ಡಿಫೈನ್ಡ್. ಅದಕ್ಕೇ ನಾನು ಜಾಸ್ತಿ ಇಷ್ಟಪಡುವುದು ಇನ್ನೊಂದು ದಾರಿ: ವರ್ಕರ್‌ಗಳ ಪ್ಲೇ ಒಳಗೇ ಟೋಕನ್ (ಜಾಯಿನ್ ಕಮಾಂಡ್‌ನೊಳಗಿನ ಗುಪ್ತ ಕೀಲಿ) ತೆಗೆಯುವ ಟಾಸ್ಕ್ ಬರೆಯಿರಿ, ಡೆಲಿಗೇಟ್-ಟು ಕೊಟ್ಟು ಅದನ್ನು ಮಾಸ್ಟರ್ ಮೇಲೆ ಓಡಿಸಿ, ಒಂದೇ ಸಲ ಓಡುವಂತೆ ರನ್-ಒನ್ಸ್ ಹಾಕಿ, ರಿಜಿಸ್ಟರ್ ಮಾಡಿ. ಕಮಾಂಡ್ ಓಡುವುದು ಮಾಸ್ಟರ್‌ನಲ್ಲಿ, ಫಲಿತಾಂಶ ಸೇರುವುದು ವರ್ಕರ್‌ಗಳ ಹೆಸರಿಗೆ. ಆಮೇಲೆ ಹೋಸ್ಟ್‌ವಾರ್ಸ್ ಬೇಕಾಗುವುದಿಲ್ಲ. ಹೋಸ್ಟ್‌ಗಳನ್ನು ಬ್ಯಾಚ್‌ಗಳಾಗಿ ಒಡೆಯುವ ಸೀರಿಯಲ್ ಬಳಸುತ್ತಿದ್ದರೆ ರನ್-ಒನ್ಸ್ ಪ್ರತಿ ಬ್ಯಾಚ್‌ಗೆ ಒಂದು ಸಲ ಓಡುತ್ತದೆ, ಗೊತ್ತಿರಲಿ. ಕ್ಯೂಬ್‌ಅಡ್ಮ್ (ಕುಬರ್ನೆಟಿಸ್ ಕ್ಲಸ್ಟರ್ ಕಟ್ಟುವ ಟೂಲ್) ಕೊಡುವ ಟೋಕನ್‌ಗೆ ಬೇರೆ ಏನೂ ಹೇಳದಿದ್ದರೆ 24 ಗಂಟೆ ಆಯಸ್ಸು. ಹಾಗಾಗಿ ಪ್ರತಿ ಸಲ ಹೊಸದು ತೆಗೆಯುವುದೇ ಸರಿ. ವ್ಯಾಲ್ಯೂಗಳನ್ನು ಮುಂದಿನ ಸಲಕ್ಕೂ ಉಳಿಸುವ ಫ್ಯಾಕ್ಟ್ ಕ್ಯಾಷ್‌ನಲ್ಲಿ ಇಟ್ಟುಕೊಳ್ಳುವ ಯೋಚನೆ ಬೇಡ, ಜೆಸನ್ ಫೈಲ್ ಕ್ಯಾಷ್ ಆದರೆ ಟೋಕನ್ ಡಿಸ್ಕ್ ಮೇಲೆ ಬರೀ ಪಠ್ಯವಾಗಿ ಕೂತಿರುತ್ತದೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಮುಂದಿನ ತಿಂಗಳು ಇದನ್ನೇ ಕೇಳುತ್ತೀರಿ. ರೋಲ್ (ಮತ್ತೆ ಮತ್ತೆ ಬಳಸಲು ಕಟ್ಟಿಟ್ಟ ಟಾಸ್ಕ್‌ಗಳ ಗುಂಪು) ಒಳಗಿನ ವೇರಿಯಬಲ್ ಆ ರೋಲ್‌ಗೆ ಮಾತ್ರ ಎಂದು ನಂಬಿದ್ದೀರಾ? ಎನ್‌ಜಿನ್‌ಎಕ್ಸ್ (ವೆಬ್ ಸರ್ವರ್) ರೋಲ್‌ನ ವಾರ್ಸ್ ಫೋಲ್ಡರ್‌ನಲ್ಲಿ ಪೋರ್ಟ್ 80, ಆಪ್ ರೋಲ್‌ನ ಡಿಫಾಲ್ಟ್ಸ್ ಫೋಲ್ಡರ್‌ನಲ್ಲಿ ಪೋರ್ಟ್ 8080, ಎರಡರಲ್ಲೂ ವೇರಿಯಬಲ್ ಹೆಸರು ಬರೀ ಪೋರ್ಟ್. ಒಂದೇ ಪ್ಲೇನ ರೋಲ್ಸ್ ಪಟ್ಟಿಯಲ್ಲಿ ಎರಡನ್ನೂ ಹಾಕಿದರೆ, ಮಾಮೂಲಿ ಸೆಟ್ಟಿಂಗ್‌ನಲ್ಲಿ ಆಪ್‌ಗೆ ಸಿಗುವುದು 80. ರೋಲ್ ವಾರ್ಸ್ ಇಡೀ ಪ್ಲೇಗೆ ಕಾಣುತ್ತವೆ. ಆನ್ಸಿಬಲ್ ಡಾಕ್ಯುಮೆಂಟೇಶನ್‌ನಲ್ಲಿ ಯಾವುದು ಯಾವುದನ್ನು ಮೀರುತ್ತದೆ ಎಂಬ 22 ಮೆಟ್ಟಿಲುಗಳ ಪಟ್ಟಿ ಇದೆ. ಅದರಲ್ಲಿ ರೋಲ್ ಡಿಫಾಲ್ಟ್ಸ್ ಕೆಳಗಿನಿಂದ 2ನೆಯದು, ರೋಲ್ ವಾರ್ಸ್ 15ನೆಯದು, ಸೆಟ್-ಫ್ಯಾಕ್ಟ್ ಮತ್ತು ರಿಜಿಸ್ಟರ್ 19ನೆಯದು. ಗ್ರೂಪ್-ವಾರ್ಸ್ (ಹೋಸ್ಟ್‌ಗಳ ಗುಂಪಿಗೆ ಕೊಟ್ಟ ವೇರಿಯಬಲ್‌ಗಳು) ಬದಲಾಯಿಸಿದರೂ ಏನೂ ಆಗುತ್ತಿಲ್ಲ ಎಂದು ಒದ್ದಾಡುವವರು ಮೊದಲು ಎಲ್ಲಾದರೂ ಸೆಟ್-ಫ್ಯಾಕ್ಟ್ ಕೂತಿದೆಯಾ ಎಂದು ಹುಡುಕಿ.

ಹೆಸರಿನ ಮುಂದೆ ರೋಲ್ ಹೆಸರು ಸೇರಿಸಿ. ಎನ್‌ಜಿನ್‌ಎಕ್ಸ್-ಪೋರ್ಟ್, ಆಪ್-ಪೋರ್ಟ್, ನಡುವೆ ಅಂಡರ್‌ಸ್ಕೋರ್. ಬಳಸುವವರು ಬದಲಾಯಿಸಬಹುದಾದದ್ದೆಲ್ಲ ಡಿಫಾಲ್ಟ್ಸ್‌ನಲ್ಲಿರಲಿ, ವಾರ್ಸ್‌ನಲ್ಲಿ ಬೇಡ.