ಕಂಬ ನೆಲದ ಮಟ್ಟದಲ್ಲೇ ಯಾಕೆ ಕುಂಬಾಗುತ್ತೆ?

ಹತ್ತಾರು ವರ್ಷ ನಿಂತಿದ್ದ ಮರದ ಬೇಲಿ ಕಂಬವನ್ನ ಕಿತ್ತು ಮಲಗಿಸಿ ನೋಡಿ. ಮೇಲಿನ ಭಾಗ ಬಿಸಿಲಿಗೆ ಬೂದಿ ಬಣ್ಣ ಆಗಿರುತ್ತೆ, ಆದ್ರೆ ಗಟ್ಟಿಯಾಗೇ ಇರುತ್ತೆ. ಆಳದಲ್ಲಿ ಹೂತಿದ್ದ ತುದಿ ಕೂಡ ಎಷ್ಟೋ ಸಲ ಪರವಾಗಿಲ್ಲ ಅನ್ನೋ ಹಾಗಿರುತ್ತೆ. ಹಾಳಾಗಿರೋದು ಸರಿಯಾಗಿ ನೆಲದ ಮಟ್ಟದಲ್ಲಿ ಮತ್ತೆ ಅದರಿಂದ ಒಂದೆರಡು ಗೇಣು ಕೆಳಗಿನವರೆಗೆ. ಅಲ್ಲಿ ಸ್ಕ್ರೂಡ್ರೈವರ್ ಇಟ್ಟು ಒತ್ತಿದ್ರೆ ಹಿಡಿವರೆಗೂ ಒಳಗೆ ಹೋಗುತ್ತೆ, ಹೊರಗೆ ತೆಗೆದ್ರೆ ಕಂದು ಬಣ್ಣದ ಪುಡಿ ಉದುರುತ್ತೆ.

ಕಾರಣ ಸರಳ. ಮರ ತಿನ್ನೋ ಶಿಲೀಂಧ್ರಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಕಂಬದ ಮೇಲ್ಭಾಗದಲ್ಲಿ ಗಾಳಿ ಧಾರಾಳ, ಮಳೆ ನಿಂತ ಕೂಡಲೇ ಮರ ಒಣಗುತ್ತೆ. ಆಳದ ಮಣ್ಣಲ್ಲಿ ತೇವ ಧಾರಾಳ, ಆಕ್ಸಿಜನ್ ಕಡಿಮೆ. ಎರಡೂ ಒಟ್ಟಿಗೆ ಸಿಗೋದು ನೆಲದ ಮಟ್ಟದಲ್ಲೇ. ವೆನಿಸ್ ನಗರದ ಕಟ್ಟಡಗಳ ಕೆಳಗೆ ಕೆಸರಲ್ಲಿ ಹೂತ ಮರದ ಗೂಟಗಳು ಶತಮಾನಗಳಿಂದ ಭಾರ ಹೊತ್ಕೊಂಡು ನಿಂತಿರೋದೂ ಇದಕ್ಕೇ, ಅಲ್ಲಿ ಗಾಳಿ ಆಡಲ್ಲ.

ನೀರು ಅಂದ್ರೆ ಎಷ್ಟು ನೀರು? ಒಣ ಮರದ ತೂಕದ ಶೇಕಡಾ 20ಕ್ಕಿಂತ ಕಡಿಮೆ ತೇವ ಇದ್ರೆ ಕೊಳೆ ಶುರುವಾಗಲ್ಲ. ಶೇಕಡಾ 30ರ ಹತ್ತಿರ ಹೋದಾಗ ಮರದ ಕೋಶಗಳ ಗೋಡೆ ನೀರು ಕುಡಿದು ತುಂಬಿ, ಉಳಿದ ನೀರು ಕೋಶದೊಳಗಿನ ಖಾಲಿ ಜಾಗದಲ್ಲಿ ನಿಲ್ಲೋಕೆ ಶುರುವಾಗುತ್ತೆ, ಶಿಲೀಂಧ್ರಕ್ಕೆ ಬೇಕಾಗಿರೋದು ಅದೇ. ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ ಎಳೆಗಳನ್ನ ಒಂದು ಕೋಶದಿಂದ ಇನ್ನೊಂದಕ್ಕೆ ಚಾಚ್ಕೊಂಡು ಹೋಗುತ್ತೆ. ನನ್ನನ್ನ ಬೆರಗಾಗಿಸೋದು ಕಂದು ಕೊಳೆ ಶಿಲೀಂಧ್ರದ ಕೆಲಸ: ಅದರ ಕಿಣ್ವಗಳು ಗಟ್ಟಿ ಮರದ ಕೋಶಗೋಡೆ ಒಳಗೆ ನುಗ್ಗೋಕೆ ತುಂಬಾ ದೊಡ್ಡವು, ಅದಕ್ಕೆ ಅದು ಮೊದಲು ಸಣ್ಣ ಸಣ್ಣ ಅಣುಗಳನ್ನ ಮುಂದೆ ಕಳಿಸುತ್ತೆ, ಅವು ಕಬ್ಬಿಣ ಮತ್ತೆ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ ಗೋಡೆ ಒಳಗೇ ಸೆಲ್ಯುಲೋಸ್ ಸರಪಳಿಗಳನ್ನ ತುಂಡು ಮಾಡ್ತವೆ. ಅದಕ್ಕೇ ತೂಕದಲ್ಲಿ ಶೇಕಡಾ 10 ಕೂಡ ಕಳ್ಕೊಳ್ಳೋ ಮುಂಚೆನೇ ಮರದ ಬಲ ಅರ್ಧಕ್ಕಿಂತ ಜಾಸ್ತಿ ಹೋಗಿರಬಹುದು. ಕಣ್ಣಿಗೆ ಚೆನ್ನಾಗೇ ಕಾಣ್ತಿದ್ದ ತೊಲೆ ಇದ್ದಕ್ಕಿದ್ದಂಗೆ ಮುರಿಯೋದು ಹೀಗೆ.

ಇನ್ನು ಔಷಧಿ ಹೊಡೆದ ಮರದ ವಿಷಯ. 1838ರಲ್ಲಿ ಇಂಗ್ಲೆಂಡಿನ ಜಾನ್ ಬೆಥೆಲ್ ಕಬ್ಬಿಣದ ದೊಡ್ಡ ಸಿಲಿಂಡರ್ ಒಳಗೆ ಮರ ಇಟ್ಟು, ಗಾಳಿ ಎಳೆದು ತೆಗೆದು, ಆಮೇಲೆ ಒತ್ತಡ ಹಾಕಿ ಎಣ್ಣೆ ತುಂಬೋ ವಿಧಾನಕ್ಕೆ ಪೇಟೆಂಟ್ ತಗೊಂಡ. ಕಲ್ಲಿದ್ದಲು ಟಾರಿಂದ ಬರೋ ಕ್ರಿಯೋಸೋಟ್ ಎಣ್ಣೆ ರೈಲು ಹಳಿ ಕೆಳಗಿನ ಸ್ಲೀಪರ್‌ಗಳಿಗೆ ಹೋಗೋಕೆ ಶುರುವಾಗಿದ್ದು ಆಮೇಲೆ. ಇಡೀ ಪ್ರಪಂಚಕ್ಕೇ ಹರಡಿದ ಇನ್ನೊಂದು ಮದ್ದು ಬಂದಿದ್ದು ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯಿಂದ. ಅಲ್ಲಿದ್ದ ಸೊಂಟಿ ಕಾಮೇಶನ್ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮೂರನ್ನೂ ನೀರಲ್ಲಿ ಕರಗಿಸಿ ಮಾಡಿದ್ದು, ಸಿಸಿಎ ಅಂತಾರೆ. ಈ ಹೆಸರು ನಮ್ಮಲ್ಲಿ ಇನ್ನಷ್ಟು ಜನಕ್ಕೆ ಗೊತ್ತಿರಬೇಕಿತ್ತು.

ಅದರಲ್ಲಿ ಜಾಣತನ ಇರೋದು ಕ್ರೋಮಿಯಂನಲ್ಲಿ. ತಾಮ್ರ ಶಿಲೀಂಧ್ರವನ್ನ ತಡೆಯುತ್ತೆ, ಆರ್ಸೆನಿಕ್ ಗೆದ್ದಲನ್ನ ಮತ್ತೆ ತಾಮ್ರಕ್ಕೆ ಬಗ್ಗದ ಕೆಲವು ಶಿಲೀಂಧ್ರಗಳನ್ನ. ಆದ್ರೆ ನೀರಲ್ಲಿ ಕರಗಿ ಒಳಗೆ ಹೋದ ಮದ್ದು ಮಳೆ ನೀರಲ್ಲಿ ಕರಗಿ ಹೊರಗೂ ಬರಬೇಕಲ್ಲ? ಬರೀ ಮೈಲುತುತ್ತು ಹಾಕಿದ್ರೆ ಹಾಗೇ ಆಗುತ್ತೆ. ಕ್ರೋಮಿಯಂ ಮರದ ಜೊತೆ ಪ್ರತಿಕ್ರಿಯೆ ಮಾಡಿ ತನ್ನ ರೂಪ ಬದಲಿಸ್ಕೊಂಡು, ಉಳಿದ ಎರಡನ್ನೂ ಕರಗದ ಹಾಗೆ ಅಲ್ಲೇ ಹಿಡಿದು ಕೂರಿಸುತ್ತೆ. ಅಮೆರಿಕದ ಮಿಸಿಸಿಪ್ಪಿಯ ಬಿಸಿ ತೇವದ ನೆಲದಲ್ಲಿ ಸಾಲಾಗಿ ಗೂಟ ನೆಟ್ಟು ದಶಕಗಳ ಕಾಲ ಪರೀಕ್ಷೆ ಮಾಡಿದಾರೆ. ಮದ್ದಿಲ್ಲದ ಪೈನ್ ಗೂಟಗಳು ಸರಾಸರಿ 2-3 ವರ್ಷದಲ್ಲಿ ಮುಗಿದವು, ಚೆನ್ನಾಗಿ ಸಿಸಿಎ ಹೀರಿದ ಗೂಟಗಳು ದಶಕಗಟ್ಟಲೆ ನಿಂತವು.

ಹಾಗಾದ್ರೆ ಔಷಧಿ ಹಾಕಿದ ಕಂಬಾನೂ ಯಾಕೆ ಕುಂಬಾಗುತ್ತೆ? ಒಂದು ಕಂಬ ಅಡ್ಡಲಾಗಿ ಕೊಯ್ದು ನೋಡಿದ್ರೆ ಉತ್ತರ ಸಿಗುತ್ತೆ. ಸುತ್ತ ಹಸಿರು ಬಣ್ಣದ ಉಂಗುರ, ನಡುವೆ ಮರದ ಮೂಲ ಬಣ್ಣ. ಮದ್ದು ಹೋಗೋದು ಹೊರಗಿನ ಬಿಳಿ ಭಾಗಕ್ಕೆ, ಒಳಗಿನ ಚೇಗಿಗೆ ಎಷ್ಟು ಒತ್ತಡ ಹಾಕಿದ್ರೂ ಸರಿಯಾಗಿ ಹೋಗಲ್ಲ, ಯಾಕಂದ್ರೆ ಅಲ್ಲಿ ಕೋಶದಿಂದ ಕೋಶಕ್ಕೆ ಇರೋ ಕಿಂಡಿಗಳು ಮುಚ್ಕೊಂಡು ಬಿಟ್ಟಿರುತ್ತೆ. ತೇಗದಂಥ ಮರದ ಚೇಗಿಗೆ ತನ್ನದೇ ಮದ್ದು ಇರುತ್ತೆ, ಪೈನ್ ಚೇಗಿಗೆ ಅಷ್ಟು ಇಲ್ಲ. ಅಂದ್ರೆ ನಾವು ಕೊಳ್ಳೋದು ಮದ್ದಿನ ಒಂದು ಚಿಪ್ಪು. ಆ ಚಿಪ್ಪು ಎಲ್ಲಿ ಒಡೀತೋ ಅಲ್ಲಿಂದ ಕೊಳೆ ಒಳಗೆ ಹೋಗುತ್ತೆ. ಉದ್ದ ಜಾಸ್ತಿ ಆಯ್ತು ಅಂತ ಗರಗಸದಲ್ಲಿ ಒಂದು ತುದಿ ಕತ್ತರಿಸಿ ಆ ಕತ್ತರಿಸಿದ ತುದಿಯನ್ನೇ ಮಣ್ಣಿಗೆ ಇಳಿಸಿದ್ರೆ ಮದ್ದಿಗೆ ಕೊಟ್ಟ ದುಡ್ಡು ಅರ್ಧ ವ್ಯರ್ಥ, ದಯವಿಟ್ಟು ಹಾಗೆ ಮಾಡ್ಬೇಡಿ. ಕತ್ತರಿಸಿದ ಕಡೆ ಮೇಲೆ ಬರಲಿ, ಅದಕ್ಕೂ ಬೋಲ್ಟ್ ತೂತಿಗೂ ತಾಮ್ರದ ಮದ್ದು ಬ್ರಷ್‌ನಲ್ಲಿ ಹಚ್ಚಿ. ಬಿಸಿಲಿಗೆ ಒಣಗಿ ಬಿರುಕು ಬಿಟ್ಟಾಗಲೂ ಇದೇ ಕಥೆ, ಬಿರುಕು ಉಂಗುರ ದಾಟಿ ಒಳಗೆ ಹೋದ್ರೆ ನೀರು ನೇರ ನಡುಭಾಗಕ್ಕೆ ಇಳಿಯುತ್ತೆ.

ಆರ್ಸೆನಿಕ್ ಕಾರಣಕ್ಕೆ 2003ರ ಕೊನೆಯಿಂದ ಅಮೆರಿಕದಲ್ಲಿ ಮನೆ ಬಳಕೆಯ ಬಹುತೇಕ ಮರಕ್ಕೆ ಸಿಸಿಎ ಹಾಕೋದು ನಿಂತಿದೆ. ಈಗಿನ ಮದ್ದುಗಳಲ್ಲಿ ತಾಮ್ರ ಜಾಸ್ತಿ, ಅದು ಸಾದಾ ಮೊಳೆಯನ್ನ ಬೇಗ ತಿನ್ನುತ್ತೆ, ಹಾಗಾಗಿ ದಪ್ಪ ಸತುವಿನ ಲೇಪದ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಮೊಳೆ ಬೇಕು. ಹಳೇ ಸಿಸಿಎ ತುಂಡುಗಳನ್ನ ಒಲೆಗೆ ಹಾಕ್ಲೇಬಾರದು, ಬೂದಿಯಲ್ಲೂ ಹೊಗೆಯಲ್ಲೂ ಆರ್ಸೆನಿಕ್ ಇರುತ್ತೆ.

ನಿಂತಿರೋ ಕರೆಂಟು ಕಂಬವನ್ನ ಪರೀಕ್ಷೆ ಮಾಡೋರು ಸುತ್ತಿಗೆಯಿಂದ ಬಡಿದು ಸದ್ದು ಕೇಳ್ತಾರೆ. ಗಟ್ಟಿ ಮರ ಟಣ್ ಅನ್ನುತ್ತೆ, ಒಳಗೆ ಟೊಳ್ಳಾಗಿದ್ರೆ ಡಬ್ ಅನ್ನುತ್ತೆ. ಅನುಮಾನ ಬಂದ್ರೆ ನೆಲದ ಮಟ್ಟದಲ್ಲಿ ಸಣ್ಣ ತೂತು ಕೊರೆದು ನೋಡಿ, ಇನ್ನೂ ಬಲ ಉಳಿದಿದ್ರೆ ಆ ತೂತಿಗೇ ಗಾಜಿನ ಹಾಗಿರೋ ಬೋರಾನ್ ಕಡ್ಡಿ ಇಟ್ಟು ಮುಚ್ಚಿಬಿಡ್ತಾರೆ. ಮರ ಒಣಗಿರೋವರೆಗೂ ಆ ಕಡ್ಡಿ ಸುಮ್ಮನೆ ಕೂತಿರುತ್ತೆ. ತೇವ ಏರಿದಾಗ ಕರಗಿ, ಶಿಲೀಂಧ್ರಕ್ಕೆ ಬೇಕಾದ ಅದೇ ನೀರಲ್ಲಿ ಹರಡ್ಕೊಂಡು, ಒತ್ತಡ ಹಾಕಿದ್ರೂ ಮದ್ದು ತಲುಪದಿದ್ದ ಚೇಗಿನೊಳಗೆ ಹೋಗುತ್ತೆ.