ಹಿಂಡಿಟ್ಟ ಎದೆಹಾಲು ‘ತಂಗಳು’ ಆಗುತ್ತದೆಯೇ?

ಪ್ರಶ್ನೆ: ಮಗುವಿಗೆ ಐದೂವರೆ ತಿಂಗಳು. ಇನ್ನು ಮೂರು ವಾರಕ್ಕೆ ಕೆಲಸಕ್ಕೆ ಹೋಗಬೇಕು. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ವಾಪಸಾಗುವುದು ಸಂಜೆ ಆರೂವರೆಗೆ. ಹಾಲು ಹಿಂಡಿ ಫ್ರಿಜ್ಜಿನಲ್ಲಿಟ್ಟು ಹೋಗ್ತೀನಿ ಅಂದರೆ ಅತ್ತೆ, ‘ತಂಗಳು ಹಾಲು ಕೂಸಿಗೆ ಕುಡಿಸ್ತೀಯೇನೇ, ಶೀತ ಆಗುತ್ತೆ’ ಅನ್ನುತ್ತಾರೆ. ಎಷ್ಟು ಹೊತ್ತು ಇಡಬಹುದು? ಎಷ್ಟು ಹಿಂಡಬೇಕು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ತಂಗಳಾಗುವುದಿಲ್ಲ, ಶೀತವೂ ಆಗುವುದಿಲ್ಲ. ರೋಗಾಣುಗಳನ್ನು ತಡೆಯುವ ಅಂಶಗಳು ಎದೆಹಾಲಿನಲ್ಲೇ ಇವೆ. ಹಾಗಂತ ಅದು ಕೆಡುವುದೇ ಇಲ್ಲ ಎಂದೇನಲ್ಲ. ಕೆಟ್ಟರೆ ಬಹುತೇಕ ಕಾರಣ ಕೈ, ಪಾತ್ರೆ ಇಲ್ಲವೇ ಸೆಕೆ.

ಕೋಣೆಯ ಉಷ್ಣಾಂಶ 25 ಡಿಗ್ರಿ ಒಳಗಿದ್ದರೆ ಈಗಷ್ಟೇ ಹಿಂಡಿದ ಹಾಲು 4 ಗಂಟೆ ಹೊರಗಿರಬಹುದು. ಬೆಂಗಳೂರಿನ ಮಳೆಗಾಲ, ಚಳಿಗಾಲಕ್ಕೆ ಈ ಲೆಕ್ಕ ಸರಿ. ಏಪ್ರಿಲ್‌ನಲ್ಲಿ, ಅದರಲ್ಲೂ ಮೇಲಿನ ಅಂತಸ್ತಿನ ಮನೆಗಳಲ್ಲಿ, ಮಧ್ಯಾಹ್ನ ಒಳಗೇ 30 ದಾಟಿರುತ್ತದೆ. ಆಗ ಹಿಂಡಿದ ಕೂಡಲೇ ಫ್ರಿಜ್ಜಿಗಿಡಿ. ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿ 4 ದಿನ ಇರುತ್ತದೆ. ಮೈನಸ್ 18 ಡಿಗ್ರಿಯ ಪ್ರತ್ಯೇಕ ಫ್ರೀಜರ್‌ನಲ್ಲಿ 6 ತಿಂಗಳು. ಒಂದೇ ಬಾಗಿಲಿನ ಫ್ರಿಜ್ಜಿನೊಳಗಿನ ಐಸ್ ಪೆಟ್ಟಿಗೆಯನ್ನು ಮಾತ್ರ ಅಷ್ಟು ನಂಬಬೇಡಿ. ಬಾಗಿಲು ತೆರೆದಾಗಲೆಲ್ಲ ಅದರ ತಂಪು ಏರಿಳಿಯುತ್ತದೆ, ಅಲ್ಲಿಟ್ಟದ್ದನ್ನು ಎರಡು ವಾರದೊಳಗೆ ಬಳಸಿಬಿಡಿ. ಬಾಗಿಲಿನ ಗೂಡಿನಲ್ಲೂ ಬೇಡ. ಹಿಂಬದಿಯಲ್ಲಿ, ದೋಸೆ ಹಿಟ್ಟು ಉಕ್ಕಿ ಸುರಿಯದ ಕಡೆ ಒಂದು ಮುಚ್ಚಳದ ಡಬ್ಬಿಯೊಳಗಿಡಿ. ಕರೆಂಟ್ ಹೋದರೆ ಬಾಗಿಲು ತೆರೆಯದಿದ್ದರಾಯಿತು, ಸುಮಾರು 4 ಗಂಟೆ ತಂಪು ಉಳಿಯುತ್ತದೆ.

ಎಷ್ಟು ಬೇಕು? ಈ ವಯಸ್ಸಿನ ಮಗುವಿಗೆ ನೀವು ಮನೆಯಲ್ಲಿರದ ಪ್ರತಿ ಗಂಟೆಗೆ 25ರಿಂದ 35 ಮಿಲಿ ಎಂದು ಲೆಕ್ಕ ಹಾಕಿ. ನಿಮ್ಮದು ಹತ್ತೂವರೆ ಗಂಟೆ, ಅಂದರೆ ಸುಮಾರು 300 ಮಿಲಿ. ಅದನ್ನು 60–100 ಮಿಲಿಯ ಮೂರರಿಂದ ಐದು ಪಾಲು ಮಾಡಿಡಿ. ದೊಡ್ಡ ಬಾಟಲಿಯಲ್ಲಿ ಒಟ್ಟಿಗೆ ಇಟ್ಟರೆ ಮಗು ಎಂಜಲು ಮಾಡಿ ಬಿಟ್ಟದ್ದೆಲ್ಲ ಚೆಲ್ಲಬೇಕಾಗುತ್ತದೆ, ಏಕೆಂದರೆ ಬಾಯಿಟ್ಟ ಹಾಲು 2 ಗಂಟೆಯ ಮೇಲೆ ಬಳಸುವಂತಿಲ್ಲ. ಆರು ತಿಂಗಳು ತುಂಬಿ ರಾಗಿ ಸರಿ ಶುರುವಾದ ಮೇಲೆ ಬೇಡಿಕೆ ನಿಧಾನಕ್ಕೆ ಇಳಿಯುತ್ತದೆ.

ಈಗ ಹಿಂಡುವುದು. ಪಂಪ್ ಕೊಳ್ಳುವ ಮುಂಚೆ ಕೈಯಲ್ಲಿ ಹಿಂಡುವುದನ್ನು ಕಲಿಯಿರಿ; ಪಂಪ್ ಮನೆಯಲ್ಲೇ ಮರೆತುಹೋದ ದಿನ ಕೈಯೇ ಗತಿ. ಸೋಪಿನಲ್ಲಿ ಕೈ ತೊಳೆದು, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎದೆಯ ಮೇಲೆ ಎರಡು ನಿಮಿಷ ಇಡಿ, ಮೆಲ್ಲಗೆ ನೀವಿ. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನಿಂದ 3–4 ಸೆಂಟಿಮೀಟರ್ ಹಿಂದೆ, ಕಪ್ಪು ಭಾಗದ ಅಂಚಿನ ಹತ್ತಿರ ಇರಲಿ. ಮೊದಲು ಎರಡೂ ಬೆರಳನ್ನು ಎದೆಗೂಡಿನ ಕಡೆಗೆ ಒಳಕ್ಕೆ ಒತ್ತಿ, ಆಮೇಲೆ ಒಂದಕ್ಕೊಂದು ಒತ್ತಿ, ಬಿಡಿ. ಒತ್ತಿ, ಬಿಡಿ. ಮೊದಲ ಒಂದೆರಡು ನಿಮಿಷ ಏನೂ ಬಾರದಿದ್ದರೆ ಗಾಬರಿಯಾಗಬೇಡಿ. ಹನಿಯಿಂದ ಶುರುವಾಗಿ ಆಮೇಲೆ ಚಿಮ್ಮುತ್ತದೆ. ಬೆರಳು ಚರ್ಮದ ಮೇಲೆ ಜಾರಿದರೆ, ಇಲ್ಲವೇ ಹಸುವಿನ ಕೆಚ್ಚಲು ಕರೆದ ಹಾಗೆ ತೊಟ್ಟನ್ನೇ ಎಳೆದರೆ ನೋವಾಗುತ್ತದೆ, ಹಾಲು ಬರುವುದಿಲ್ಲ. ಒಂದು ಕಡೆ 3–5 ನಿಮಿಷ, ಇನ್ನೊಂದು ಕಡೆ ಅಷ್ಟೇ, ಮತ್ತೆ ಮೊದಲಿನ ಕಡೆ, ನಡುನಡುವೆ ಬೆರಳಿನ ಜಾಗ ಸುತ್ತ ಬದಲಿಸುತ್ತಾ. ಒಟ್ಟು 20–30 ನಿಮಿಷ ಹಿಡಿಯುತ್ತದೆ. ಪಂಪ್ ಆದರೆ ಅದರ ಲಾಳಿಕೆಯೊಳಗೆ ತೊಟ್ಟು ಉಜ್ಜದೆ ಸಲೀಸಾಗಿ ಓಡಾಡಬೇಕು. ಉರಿಯುತ್ತಿದ್ದರೆ ಅಳತೆ ತಪ್ಪಿದೆ ಅಥವಾ ಸೆಳೆತ ಜಾಸ್ತಿಯಾಗಿದೆ.

ಮೊದಲ ದಿನ 30 ಮಿಲಿ ಬಂದರೆ ‘ನನಗೆ ಹಾಲೇ ಇಲ್ಲ’ ಎಂದು ಡಬ್ಬದ ಪುಡಿ ತರಿಸಬೇಡಿ. ಮಗು ಎಳೆಯುವಷ್ಟು ಚೆನ್ನಾಗಿ ಯಾವ ಪಂಪೂ ಎಳೆಯುವುದಿಲ್ಲ. ಹೊರಡುವ ಎರಡು ವಾರ ಮುಂಚಿನಿಂದ, ಬೆಳಗಿನ ಮೊದಲ ಹಾಲೂಡಿಕೆಯಾಗಿ ಒಂದು ಗಂಟೆಯ ನಂತರ ದಿನಕ್ಕೊಮ್ಮೆ ಹಿಂಡಿ. ಬೆಳಿಗ್ಗೆ ಹಾಲು ತುಸು ಹೆಚ್ಚು.

ಆಫೀಸಿನಲ್ಲೂ ಪ್ರತಿ 3 ಗಂಟೆಗೊಮ್ಮೆ ಹಿಂಡಲೇಬೇಕು. ನನ್ನ ಮಟ್ಟಿಗೆ ಫ್ರಿಜ್ಜಿಗಿಂತ ದೊಡ್ಡ ವಿಷಯ ಇದು. ಎದೆ ತುಂಬಿ ಹಾಗೇ ನಿಂತರೆ ಹಾಲಿನ ಉತ್ಪತ್ತಿಯೇ ತಗ್ಗುತ್ತದೆ. ಬರಿದು ಮಾಡಿದಷ್ಟೂ ಊರುತ್ತದೆ. ‘ಸಂಜೆ ಮನೆಗೆ ಹೋಗಿ ಕುಡಿಸಿದರಾಯಿತು’ ಎಂದು ತಡೆದುಕೊಂಡವರಿಗೆ ಹಾಲು ಕಟ್ಟಿಕೊಂಡು ಗಡ್ಡೆಯಾಗುತ್ತದೆ. ಗಡ್ಡೆಯ ಮೇಲೆ ಚರ್ಮ ಕೆಂಪಾಗಿ ಚಳಿಜ್ವರ ಬಂದರೆ ಅದೇ ದಿನ ಡಾಕ್ಟರನ್ನು ನೋಡಿ, ಆ ಕಡೆಯೂ ಕುಡಿಸುವುದನ್ನು ನಿಲ್ಲಿಸಬೇಡಿ. ಹಿಂಡಿದ್ದನ್ನು ಐಸ್ ಪ್ಯಾಕ್ ಹಾಕಿದ ತಂಪು ಬ್ಯಾಗಿನಲ್ಲಿ ತನ್ನಿ, 24 ಗಂಟೆ ತಡೆಯುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿಗೂ ಹೆದರಬೇಕಿಲ್ಲ. ಟಾಯ್ಲೆಟ್‌ನಲ್ಲಿ ಕೂತು ಮಾತ್ರ ಹಿಂಡಬೇಡಿ. ಮಗುವಿಗೆ 15 ತಿಂಗಳು ತುಂಬುವವರೆಗೆ ಮಾಮೂಲಿ ವಿರಾಮದ ಜತೆ ದಿನಕ್ಕೆ ಎರಡು ಬಿಡುವು ಕೊಡಬೇಕೆಂದು ಕಾನೂನಿದೆ. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂಬುದು 2017ರ ತಿದ್ದುಪಡಿಯಲ್ಲಿ ಬಂತು. ಬಾಗಿಲಿಗೆ ಚಿಲಕವಿರುವ ಒಂದು ಕೋಣೆ ಬೇಕೆಂದು ರಜೆ ಮುಗಿಯುವ ಮುಂಚೆಯೇ ಎಚ್‌ಆರ್‌ಗೆ ಬರೆದು ಕೇಳಿ.

ಇನ್ನು ಅತ್ತೆಗೆ ತೋರಿಸಿಕೊಡಬೇಕಾದ್ದು. ಫ್ರಿಜ್ಜಿನಲ್ಲಿಟ್ಟ ಹಾಲು ಮಾರನೆಯ ದಿನ ಎರಡು ಪದರವಾಗಿರುತ್ತದೆ: ಕೆಳಗೆ ತಿಳಿನೀಲಿ ನೀರಿನಂಥದ್ದು, ಮೇಲೆ ಹಳದಿ ಕೆನೆ. ‘ಒಡೆದಿದೆ’ ಎಂದು ಚೆಲ್ಲುವುದು ಇದನ್ನು ನೋಡಿಯೇ. ಮೆಲ್ಲಗೆ ತಿರುಗಿಸಿದರೆ ಬೆರೆತುಕೊಳ್ಳುತ್ತದೆ. ಸೋಪಿನ ವಾಸನೆ ಬಂದರೂ ಸಾಮಾನ್ಯವಾಗಿ ಕೆಟ್ಟಿದ್ದಲ್ಲ, ಹಾಲಿನಲ್ಲಿರುವ ಲೈಪೇಸ್ ಎಂಬ ಕಿಣ್ವ ಕೊಬ್ಬನ್ನು ಒಡೆದದ್ದರಿಂದ ಬಂದದ್ದು. ಹುಳಿ ವಾಸನೆಯಾದರೆ ಚೆಲ್ಲಿ. ನಮ್ಮ ಮನೆಗಳಲ್ಲಿ ಹಾಲೆಂದರೆ ಕಾಯಿಸುವುದೇ ಅಭ್ಯಾಸ, ಕೈ ತಾನಾಗಿ ಗ್ಯಾಸ್ ಕಡೆ ಹೋಗುತ್ತದೆ. ಎದೆಹಾಲನ್ನು ಕಾಯಿಸಬಾರದು. ಉಗುರುಬೆಚ್ಚಗಿನ ನೀರಿನ ಬಟ್ಟಲಲ್ಲಿ ಲೋಟವನ್ನು ಇಟ್ಟರೆ ಸಾಕು. ಮೈಕ್ರೋವೇವ್ ಬೇಡವೇ ಬೇಡ. ಅಲ್ಲಲ್ಲಿ ಕುದಿಬಿಸಿಯಾಗಿ ನಾಲಿಗೆ ಸುಡುತ್ತದೆ. ಗಟ್ಟಿಯಾದದ್ದನ್ನು ಹಿಂದಿನ ರಾತ್ರಿ ಫ್ರೀಜರ್‌ನಿಂದ ಕೆಳಗಿಳಿಸಿ, ಕರಗಿದ ಮೇಲೆ 24 ಗಂಟೆಯೊಳಗೆ ಕುಡಿಸಿ. ಮತ್ತೆ ಗಟ್ಟಿ ಮಾಡಬೇಡಿ.

ಕುಡಿಸಲು ಬಾಟಲಿಯೇ ಬೇಕೆಂದಿಲ್ಲ. ಹಳೆಯ ಬೆಳ್ಳಿ ಒಳಲೆ ಮನೆಯಲ್ಲಿದ್ದರೆ ತೆಗೆಯಿರಿ, ಇಲ್ಲದಿದ್ದರೆ ಸಣ್ಣ ಸ್ಟೀಲ್ ಲೋಟ. ಮೊದಲು ಆ ಒಳಲೆ ಅಥವಾ ಲೋಟವನ್ನು ನೀರಿನಲ್ಲಿ 10 ನಿಮಿಷ ಕುದಿಸಿ. ಮಗುವನ್ನು ಕೂರಿಸಿ ಹಿಡಿದು ಅಂಚನ್ನು ಕೆಳತುಟಿಗೆ ತಾಗಿಸಿ, ಅದೇ ಚಪ್ಪರಿಸಿಕೊಳ್ಳಲಿ. ಬಾಯಿಗೆ ಸುರಿದರೆ ನೆತ್ತಿಗೇರುತ್ತದೆ. ಮೊದಲ ಸಲ ಅತ್ತೆಯೇ ಕುಡಿಸಲಿ, ನೀವು ಆ ಹೊತ್ತು ಇನ್ನೊಂದು ಕೋಣೆಯಲ್ಲಿರಿ. ಅಮ್ಮನ ವಾಸನೆ ಬಂದರೆ ಮಗು ಲೋಟವನ್ನು ಮೂಸಿಯೂ ನೋಡುವುದಿಲ್ಲ.

ತಿಂಗಳು ತುಂಬದೆ ಹುಟ್ಟಿದ ಮಗುವಾದರೆ ಈ ಅವಧಿಗಳು ಅನ್ವಯಿಸುವುದಿಲ್ಲ, ಮಕ್ಕಳ ಡಾಕ್ಟರನ್ನೇ ಕೇಳಿ.

ಕೊನೆಗೊಂದು ವಿಷಯ ಅತ್ತೆಗೆ ಹೇಳಿಡಿ: ಸಂಜೆ ಐದೂವರೆ ಆದ ಮೇಲೆ ಹೊಟ್ಟೆ ತುಂಬ ಕುಡಿಸುವುದು ಬೇಡ. ಮಗು ತೀರ ಹಟ ಮಾಡಿದರೆ 30 ಮಿಲಿ ಕೊಟ್ಟು ಎತ್ತಿಕೊಂಡು ಓಡಾಡಲಿ. ನೀವು ಚಪ್ಪಲಿ ಬಿಟ್ಟು ಕೈಕಾಲು ತೊಳೆದು ಕೂತಾಗ ಮಗು ಹಸಿದಿರಬೇಕು, ನಿಮ್ಮ ಎದೆ ತುಂಬಿರಬೇಕು.